ಆ ನಾಲ್ಕು ಜನಕ್ಕೆ ಯಾರು ಕಲಿಸುತ್ತಾರೆ?

ಕಳೆದ ದಸರಾ ರಜೆಯಲ್ಲಿ ಅಕ್ಕನ ಮಗನ ಜೊತೆ ಬೆಂಗಳೂರಿನ ಅವರ ಬೀದಿಯ ಕಿರಾಣಿ ಅಂಗಡಿಗೆ ಹೋಗಿದ್ದೆ. ಜೊತೆ ಅನ್ನುವುದಕ್ಕಿಂತ ಹಿಂದೆ. ಮುಂದೆ ಏಳು ವರ್ಷದ ಅವನು, ಅವನ ಮಣಿಕಟ್ಟು ಹಿಡಿದುಕೊಂಡ ಥೆರಪಿಸ್ಟ್, ಅವರಿಂದ ಮೂರು ಹೆಜ್ಜೆ ಹಿಂದೆ ಅಕ್ಕ, ಅಕ್ಕನ ಹಿಂದೆ ನಾನು. ನೋಡಿದವರಿಗೆ ಯಾವುದೋ ಸಣ್ಣ ಮೆರವಣಿಗೆಯಂತೆ ಕಂಡಿರಬೇಕು. ಹುಡುಗನನ್ನು ಇಲ್ಲಿ ಪುಟ್ಟು ಎಂದು ಕರೆಯುತ್ತೇನೆ. ಅವನ ನಿಜವಾದ ಹೆಸರನ್ನು ಈ ಜಗಳದೊಳಗೆ ಎಳೆದು ತರುವ ಹಕ್ಕು ನನಗಿಲ್ಲ.

ಪುಟ್ಟುಗೆ ಆಟಿಸಂ ಇದೆ. ಅವತ್ತು ನಡೆಯುತ್ತಿದ್ದುದು ಅವನ ಥೆರಪಿಯ ಹೊಸ ಹಂತ. ಇಷ್ಟು ದಿನ ಸೆಂಟರಿನ ಕೋಣೆಯಲ್ಲಿ ಮೇಜಿನ ಎದುರು ಕೂತು ಕಲಿತದ್ದನ್ನು ಈಗ ಹೊರಗೆ, ಜನರ ನಡುವೆ ಮಾಡಿ ತೋರಿಸಬೇಕು. ಥೆರಪಿಸ್ಟ್ ಕೈಯಲ್ಲಿದ್ದ ಹಾಳೆಯಲ್ಲಿ ಅಂದಿನ ಗುರಿಗಳಿದ್ದವು: ಎರಡು ನಿಮಿಷ ಸಾಲಿನಲ್ಲಿ ನಿಲ್ಲುವುದು, ಕೈಗಳನ್ನು ಕೆಳಗಿಟ್ಟುಕೊಳ್ಳುವುದು, ಅಂಗಡಿಯವರ ಮುಖ ನೋಡುವುದು, 'ಅಂಕಲ್, ಒನ್ ಬಿಸ್ಕೆಟ್ ಪ್ಲೀಸ್' ಎನ್ನುವುದು. ಪ್ರತಿಯೊಂದರ ಮುಂದೆ ಪ್ಲಸ್ ಅಥವಾ ಮೈನಸ್ ಹಾಕಲು ಚೌಕಗಳು.

ಅಂಗಡಿಯ ಪಕ್ಕದಲ್ಲಿ ಹಿಟ್ಟಿನ ಗಿರಣಿ. ಅದು ಶುರುವಾದದ್ದೇ ಪುಟ್ಟು ಎರಡೂ ಕಿವಿ ಮುಚ್ಚಿಕೊಂಡ. 'ಹ್ಯಾಂಡ್ಸ್ ಡೌನ್' ಎಂದರು ಆಕೆ, ಮೆತ್ತಗೆ. ಅವನು ಬಿಡಲಿಲ್ಲ. ಎರಡನೇ ಸಲ ಹೇಳಿ ಮೊಣಕೈ ಹಿಡಿದು ನಿಧಾನ ಇಳಿಸಿದರು. ಮೂರನೇ ಸಲಕ್ಕೆ ಅವನೇ ಇಳಿಸಿದ. ಪ್ಲಸ್. ಅಂಗಡಿಯವರು 'ಏನ್ ಬೇಕು ಮರಿ?' ಎಂದು ಕೇಳಿದರು. ಅದು ಅವನು ಕಲಿತ ಪಾಠದಲ್ಲಿ ಇರಲಿಲ್ಲ. ಅವನು ಶಾಂಪೂ ಪೊಟ್ಟಣಗಳ ಸರದ ಕಡೆ ನೋಡಿ ತನ್ನ ವಾಕ್ಯ ಒಪ್ಪಿಸಿದ. ಮುಖ ನೋಡದ್ದಕ್ಕೆ ಮೈನಸ್, ಮಾತಿಗೆ ಪ್ಲಸ್. ಬಿಸ್ಕೆಟ್ ಬಂತು. ಸಾಲಿನಲ್ಲಿದ್ದ ಹೆಂಗಸೊಬ್ಬರು 'ಪಾಪ' ಎಂದರು. ಸೆಷನ್ ಚೆನ್ನಾಗಿ ಆಯಿತು, ಕೋಣೆಯಲ್ಲಿ ಕಲಿತದ್ದು ಹೊರಗೂ ಬರುತ್ತಿದೆ ಎಂದು ಥೆರಪಿಸ್ಟ್ ಅಕ್ಕನಿಗೆ ಹೇಳಿ ಸ್ಕೂಟರ್ ಹತ್ತಿದರು.

ಮನೆಗೆ ಬರುವ ದಾರಿಯಲ್ಲಿ ಪುಟ್ಟು ತನ್ನ ಬಲಗೈಯ ಹಿಂಭಾಗವನ್ನು ಹಲ್ಲಿನ ಗುರುತು ಕೆಂಪಾಗಿ ಮೂಡುವವರೆಗೆ ಕಚ್ಚಿಕೊಂಡ. ಅದು ಯಾವ ಚೌಕದಲ್ಲೂ ಬರಲಿಲ್ಲ. ಸೆಷನ್ ಮುಗಿದಿತ್ತಲ್ಲ.

ಆ ಥೆರಪಿಸ್ಟ್ ಕೆಟ್ಟವರಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನನಗಿಂತ ಎರಡು ಮೂರು ವರ್ಷ ಚಿಕ್ಕವರು, ದಿನಕ್ಕೆ ಆರೇಳು ಮಕ್ಕಳ ಮನೆಗೆ ಓಡಾಡುವವರು, ತಮಗೆ ಕಲಿಸಿದ್ದನ್ನು ಪ್ರಾಮಾಣಿಕವಾಗಿ ಮಾಡುವವರು. ನನ್ನ ತಕರಾರು ಅವರ ಕೈಯಲ್ಲಿದ್ದ ಹಾಳೆಯ ಮೇಲೆ. ಆ ಹಾಳೆಯಲ್ಲಿ ಇದ್ದದ್ದೆಲ್ಲ ಪುಟ್ಟು ಏನು ಮಾಡಬೇಕು ಎಂಬುದೇ. ಗಿರಣಿ ಏನು ಮಾಡಬೇಕು, ಅಂಗಡಿಯವರು ಎಷ್ಟು ಹೊತ್ತು ಕಾಯಬೇಕು, 'ಪಾಪ' ಎಂದ ಹೆಂಗಸು ಏನು ಕಲಿಯಬೇಕು ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ. ಇದಕ್ಕೆ ಅವರು 'ಕಮ್ಯುನಿಟಿ' ಸೆಷನ್ ಎನ್ನುತ್ತಾರೆ. ಸಮುದಾಯದ ಹೆಸರಿನಲ್ಲಿ ನಡೆದ ಆ ಅರ್ಧ ಗಂಟೆಯಲ್ಲಿ ಸಮುದಾಯದ ಮೇಲೆ ಇದ್ದ ಹೊಣೆ ಎಂದರೆ ಸುಮ್ಮನೆ ನಿಂತು ನೋಡುವುದು.

ನಮ್ಮ ಭಾಷೆಯಲ್ಲಿ ಈ ನೋಡುವವರಿಗೆ ಒಂದು ಹಳೆಯ ಹೆಸರಿದೆ: ನಾಲ್ಕು ಜನ. ನಾಲ್ಕು ಜನ ಏನಂದಾರು, ನಾಲ್ಕು ಜನರ ಮುಂದೆ ಮಾನ ಕಳೆಯಬೇಡ, ನಾಲ್ಕು ಜನರಂತೆ ಬಾಳು. ಈ ನಾಲ್ವರು ಯಾರು, ಅವರ ಮನೆ ಎಲ್ಲಿ ಎಂದು ಯಾರೂ ಕೇಳಿದ್ದಿಲ್ಲ. ಹೆಣ್ಣುಮಕ್ಕಳಾದ ನಮಗೆ ಅವರ ಪರಿಚಯ ಚೆನ್ನಾಗಿಯೇ ಇದೆ. ನಮ್ಮ ನಗು, ನಡಿಗೆ, ದುಪಟ್ಟಾ ಎಲ್ಲವನ್ನೂ ಅಳೆದವರು ಅವರೇ. ಈಗ ಅದೇ ನಾಲ್ವರನ್ನು ವಿಜ್ಞಾನದ ಹೆಸರಿನಲ್ಲಿ ಏಳು ವರ್ಷದ ಹುಡುಗನ ಪರೀಕ್ಷಕರನ್ನಾಗಿ ಕೂರಿಸಲಾಗಿದೆ.

ಥೆರಪಿಯನ್ನು ಕೋಣೆಯಿಂದ ಬೀದಿಗೆ ತರಬೇಕು ಎಂಬ ಯೋಚನೆಯೇ ತಪ್ಪು ಎಂದು ನಾನು ವಾದಿಸುತ್ತಿಲ್ಲ. ಅದರ ಹಿಂದೆ ಸರಿಯಾದ ಕಾರಣವಿದೆ. ವರ್ತನಾ ಚಿಕಿತ್ಸೆಯವರಿಗೆ ಮೊದಲಿನಿಂದ ಕಾಡಿದ ತೊಂದರೆ ಒಂದೇ: ಮೇಜಿನ ಎದುರು ಕಲಿತದ್ದು ಮೇಜಿನ ಹತ್ತಿರವೇ ಉಳಿದುಬಿಡುತ್ತದೆ. ಕೋಣೆಯಲ್ಲಿ ಲೋಟದ ಚಿತ್ರ ತೋರಿಸಿ 'ನೀರು' ಎಂದು ಹೇಳುವ ಮಗು ಮನೆಯಲ್ಲಿ ಬಾಯಾರಿದಾಗ ಅಳುತ್ತದೆ. 1977ರಲ್ಲೇ ಸ್ಟೋಕ್ಸ್ ಮತ್ತು ಬೇರ್ ಎಂಬ ಇಬ್ಬರು ಈ ಬಗ್ಗೆ ಬರೆದು, ತರಬೇತಿ ಕೊಟ್ಟು ಅದು ತಾನಾಗಿ ಎಲ್ಲೆಡೆ ಹರಡಲಿ ಎಂದು ಹಾರೈಸಿ ಕೂರುವುದನ್ನು ಟೀಕಿಸಿದ್ದರು. ಅಲ್ಲಿಂದ ಮುಂದೆ ಮನೆ, ಪಾರ್ಕು, ಅಂಗಡಿಗಳಲ್ಲಿ, ಮಗುವಿನ ಸ್ವಂತ ಆಸಕ್ತಿಯನ್ನೇ ಹಿಡಿದು ಕಲಿಸುವ ಪದ್ಧತಿಗಳು ಬೆಳೆದವು. ಮೇಜಿಗಿಂತ ಇವು ಎಷ್ಟೋ ಮೇಲು. ಆದರೆ ಕೋಣೆಯಿಂದ ಹೊರಬರುವಾಗ ಮೇಜನ್ನು ಅಲ್ಲೇ ಬಿಟ್ಟು ಬಂದವರು ಅಳತೆಗೋಲನ್ನು ಮಾತ್ರ ಜೊತೆಗೇ ತಂದರು. ಆ ಅಳತೆಗೋಲಿನ ಕಥೆ ಸ್ವಲ್ಪ ಹೇಳಬೇಕು.

ಐವರ್ ಲೊವಾಸ್ ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ. ಇಂದು ನಮ್ಮ ನಗರಗಳ ಬೋರ್ಡುಗಳಲ್ಲಿ ಕಾಣುವ 'ಎಬಿಎ' ಎಂಬ ಮೂರಕ್ಷರಕ್ಕೆ ಆಟಿಸಂ ಜೊತೆ ನಂಟು ಬೆಸೆದವರಲ್ಲಿ ಪ್ರಮುಖರು. 1965ರಲ್ಲಿ ಆಟಿಸಂ ಇರುವ ಮಕ್ಕಳಿಗೆ ವಿದ್ಯುತ್ ಶಾಕ್ ಕೊಟ್ಟು ನಡೆಸಿದ ಪ್ರಯೋಗವನ್ನು ಅವರೂ ಅವರ ಸಹೋದ್ಯೋಗಿಗಳೂ ಪ್ರಕಟಿಸಿದರು. ಅದೇ ವರ್ಷ 'ಲೈಫ್' ಪತ್ರಿಕೆ ಅವರ ಕೆಲಸದ ಚಿತ್ರಗಳನ್ನು ದೊಡ್ಡದಾಗಿ ಹಾಕಿತು. ಅವರನ್ನು ನಿಜವಾಗಿ ಪ್ರಸಿದ್ಧರನ್ನಾಗಿ ಮಾಡಿದ್ದು 1987ರ ಅಧ್ಯಯನ: ವಾರಕ್ಕೆ 40 ಗಂಟೆ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಕ್ಕಳು 'ಸಾಮಾನ್ಯ' ಮಟ್ಟ ಮುಟ್ಟಿದರು ಎಂದು ಅದು ಹೇಳಿತು. ಗದರುವುದು, ತೊಡೆಗೆ ಹೊಡೆಯುವುದು ಆ ತರಬೇತಿಯ ಭಾಗವಾಗಿತ್ತು. ಯಶಸ್ಸಿನ ಅಳತೆ ಏನೆಂದರೆ ಉಳಿದ ಮಕ್ಕಳ ನಡುವೆ ಈ ಮಗುವನ್ನು ಗುರುತು ಹಿಡಿಯಲು ಆಗಬಾರದು. ಮಗುವಿಗೆ ಹಿತವಾಯಿತೇ ಎಂಬುದಲ್ಲ, ನಾಲ್ಕು ಜನರ ಕಣ್ಣಿಗೆ ಬೀಳದಂತಾಯಿತೇ ಎಂಬುದು.

ಇದೇ ಲೊವಾಸ್ 1974ರಲ್ಲಿ ಜಾರ್ಜ್ ರೇಕರ್ಸ್ ಜೊತೆ ಬರೆದ ಇನ್ನೊಂದು ಪ್ರಬಂಧವಿದೆ. ಅದರ ವಿಷಯ 'ಹೆಣ್ಣಿನಂತೆ' ಆಡುವ ಪುಟ್ಟ ಗಂಡು ಹುಡುಗನನ್ನು ತಿದ್ದುವುದು. ಆಟಿಸಂಗೆ ಸಂಬಂಧವಿಲ್ಲ ಎಂದು ತೋರಬಹುದು. ಆದರೆ ವಿಧಾನ ನೋಡಿ: ಹುಡುಗನ ಕೈ ಚಲನೆ, ನಡಿಗೆ, ಆಟಿಕೆಯ ಆಯ್ಕೆ ಎಲ್ಲವನ್ನೂ ಎಣಿಸುವುದು, ಬೇಕಾದದ್ದಕ್ಕೆ ಬಹುಮಾನ, ಬೇಡದ್ದಕ್ಕೆ ದಂಡ. ಅದೂ ಬರೀ ಪ್ರಯೋಗಾಲಯದಲ್ಲಲ್ಲ, ಮನೆಯಲ್ಲಿ, ತಂದೆತಾಯಿಯ ಕೈಯಿಂದ. ಅದನ್ನು ಪ್ರಕಟಿಸಿದ ಪತ್ರಿಕೆಯೇ 2020ರಲ್ಲಿ ಆ ಪ್ರಬಂಧದ ಬಗ್ಗೆ ಆತಂಕ ವ್ಯಕ್ತಪಡಿಸಿ ಟಿಪ್ಪಣಿ ಹಾಕಿತು. ಹುಡುಗ ಸೊಂಟ ಬಳುಕಿಸಿದರೂ ತಿದ್ದು, ಕೈ ಬೀಸಿದರೂ ತಿದ್ದು. ಎರಡರಲ್ಲೂ ತೊಂದರೆ ಆದದ್ದು ಯಾರಿಗೆ? ನೋಡುವವರಿಗೆ.

ಈಗ ಹಾಗೆಲ್ಲ ಇಲ್ಲ, ಹೊಡೆತ ಬಡಿತ ನಿಂತು ಎಷ್ಟೋ ಕಾಲವಾಯಿತು ಎಂದು ಈ ಕ್ಷೇತ್ರದವರು ಹೇಳುತ್ತಾರೆ. ಬಹುಪಾಲು ನಿಜ. (ಬಹುಪಾಲು ಮಾತ್ರ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಜಡ್ಜ್ ರೋಟೆನ್‌ಬರ್ಗ್ ಸೆಂಟರಿನಲ್ಲಿ ನಮ್ಮ ಕಾಲದವರೆಗೂ ಶಾಕ್ ಯಂತ್ರ ಬಳಕೆಯಲ್ಲಿತ್ತು. 2020ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಅದನ್ನು ನಿಷೇಧಿಸಿದರೆ, 2021ರಲ್ಲಿ ನ್ಯಾಯಾಲಯ ಆ ನಿಷೇಧವನ್ನೇ ರದ್ದು ಮಾಡಿತು.) ಪುಟ್ಟುವಿಗೂ ಯಾರೂ ಹೊಡೆದಿಲ್ಲ. ಅವನಿಗೆ ಸಿಗುವುದು ಜೆಮ್ಸ್ ಮಾತ್ರೆ, ಚಪ್ಪಾಳೆ, ಎರಡು ನಿಮಿಷದ ಕಾರ್ಟೂನ್. ಆದರೆ ಶಿಕ್ಷೆ ಹೋಗಿ ಸಿಹಿ ಬಂದ ಮಾತ್ರಕ್ಕೆ ಗುರಿ ಬದಲಾಗುವುದಿಲ್ಲ. ಕಿವಿ ನೋಯುವಾಗ ಕಿವಿ ಮುಚ್ಚಬೇಡ ಎಂಬುದನ್ನು ಬೆತ್ತದಿಂದ ಕಲಿಸಿದರೂ ಒಂದೇ, ಚಾಕಲೇಟಿನಿಂದ ಕಲಿಸಿದರೂ ಒಂದೇ. ಮಗು ಕಲಿಯುವುದು ನನ್ನ ನೋವಿಗಿಂತ ನಿಮ್ಮ ನೋಟ ದೊಡ್ಡದು ಎಂಬುದನ್ನು.

ಇದರಿಂದ ಹಾನಿಯಾದದ್ದಕ್ಕೆ ಪುರಾವೆ ಎಲ್ಲಿ ಎಂದು ಕೇಳುತ್ತಾರೆ. ಪುರಾವೆ ಬೇಕಾದರೆ ಯಾರಾದರೂ ಹುಡುಕಿರಬೇಕು. 2021ರಲ್ಲಿ ಕ್ರಿಸ್ಟನ್ ಬೊಟೆಮಾ-ಬ್ಯೂಟೆಲ್ ಮತ್ತು ಸಂಗಡಿಗರು ಆಟಿಸಂ ಇರುವ ಪುಟ್ಟ ಮಕ್ಕಳ ಚಿಕಿತ್ಸೆಗಳ 150 ಅಧ್ಯಯನ ವರದಿಗಳನ್ನು ತೆಗೆದು ನೋಡಿದರು. ಅದರಲ್ಲಿ 139 ವರದಿಗಳಲ್ಲಿ ಅಡ್ಡಪರಿಣಾಮ ಎಂಬ ಮಾತೇ ಇರಲಿಲ್ಲ. ತಲೆನೋವಿನ ಮಾತ್ರೆಯ ಪೊಟ್ಟಣದೊಳಗೂ ವಾಕರಿಕೆ ಬರಬಹುದು ಎಂಬ ಚೀಟಿ ಇರುತ್ತದೆ. ವಾರಕ್ಕೆ ಇಪ್ಪತ್ತು, ಮೂವತ್ತು ಗಂಟೆ ಒಂದು ಮಗುವಿನ ಮೈಮನಸ್ಸಿನ ಮೇಲೆ ನಡೆಯುವ ಕೆಲಸಕ್ಕೆ ಅಂಥ ಚೀಟಿಯೂ ಬೇಡವಾಯಿತು. ಇತ್ತ, ಬೆಳೆದು ದೊಡ್ಡವರಾದ ಆಟಿಸಂ ವ್ಯಕ್ತಿಗಳು ತಮ್ಮ ಸಹಜ ಚಲನೆಯನ್ನು ಅದುಮಿಟ್ಟು ದಿನವಿಡೀ 'ಸರಿಯಾಗಿ' ಕಾಣುವುದು ಎಷ್ಟು ದಣಿಸುತ್ತದೆ ಎಂದು ವರ್ಷಗಳಿಂದ ಬರೆಯುತ್ತಿದ್ದಾರೆ. ಈ ಮುಖವಾಡಕ್ಕೂ ಖಿನ್ನತೆ, ಆತ್ಮಹತ್ಯೆಯ ಯೋಚನೆಗಳಿಗೂ ನಂಟಿರುವುದನ್ನು ಸಂಶೋಧನೆಗಳೂ ಕಂಡಿವೆ. ಪುಟ್ಟುವಿನ ಕೈ ಮೇಲಿನ ಹಲ್ಲಿನ ಗುರುತು ನನಗೆ ಆ ಚೀಟಿಯ ಮೊದಲ ಸಾಲಿನಂತೆ ಕಂಡಿತು.

ನಾನು ಭಾಷಾಶಾಸ್ತ್ರದ ವಿದ್ಯಾರ್ಥಿನಿ, ಮನಶ್ಶಾಸ್ತ್ರದವಳಲ್ಲ. ಹಾಗಾಗಿ ನನಗೆ ಅತಿ ಹೆಚ್ಚು ಸಿಟ್ಟು ಬರಿಸಿದ್ದು 'ಅಂಕಲ್, ಒನ್ ಬಿಸ್ಕೆಟ್ ಪ್ಲೀಸ್' ಎಂಬ ವಾಕ್ಯ.

ಪುಟ್ಟುಗೆ ಮೂರು ವರ್ಷವಾದಾಗ ಅವನಿಗೆ ಏಳೆಂಟು ಪದಗಳಿದ್ದವು. ಅಜ್ಜಿ, ನೀರು, ಬೇಡ, ಮಂಮ, ಇನ್ನು ಕೆಲವು. ಎಲ್ಲವೂ ಕನ್ನಡ. ಸೆಂಟರಿನಲ್ಲಿ ಮೊದಲ ದಿನವೇ ಹೇಳಿದರು: ಎರಡು ಭಾಷೆ ಇವನಿಗೆ ಗೊಂದಲ, ಒಂದೇ ಭಾಷೆಗೆ ಅಂಟಿಕೊಳ್ಳಿ. ಯಾವ ಭಾಷೆ? ಸ್ಕೂಲಿನ ಭಾಷೆ, ಥೆರಪಿಯ ಭಾಷೆ, ಫ್ಲ್ಯಾಶ್ ಕಾರ್ಡುಗಳ ಭಾಷೆ. ಅಂದರೆ ಇಂಗ್ಲಿಷ್. ಅಕ್ಕ ಭಾವ ಇಬ್ಬರೂ ಕಂಪನಿ ಕೆಲಸದವರು, ಇಂಗ್ಲಿಷ್ ಬರುತ್ತದೆ. ಆದರೆ ಮಗುವನ್ನು ಮುದ್ದಿಸುವ ಇಂಗ್ಲಿಷ್ ಅವರಿಗೆ ಬರುವುದಿಲ್ಲ, ಬೈಯುವ ಇಂಗ್ಲಿಷ್ ಅಂತೂ ಇಲ್ಲವೇ ಇಲ್ಲ. ಅವತ್ತಿನಿಂದ ಆ ಮನೆಯಲ್ಲಿ ಮಗುವಿನ ಜೊತೆ ಮಾತು 'ಕಮ್ ಹಿಯರ್', 'ಸಿಟ್ ಡೌನ್', 'ಗುಡ್ ಜಾಬ್' ಎಂಬ ಮೂರು ನಾಲ್ಕು ಆಜ್ಞೆಗಳಿಗೆ ಇಳಿಯಿತು. ತಿಪಟೂರಿನಿಂದ ಬಂದ ಅಮ್ಮ, ಅಂದರೆ ಅವನ ಅಜ್ಜಿ, ಮೊಮ್ಮಗನ ಎದುರು ಬಾಯಿಗೆ ಬೀಗ ಹಾಕಿಕೊಂಡು ಕೂತಳು. ತಾನು ಮಾತಾಡಿದರೆ ಮಗುವಿಗೆ ಕೆಡುಕು ಎಂದು ಆಕೆಗೆ ಯಾರೋ ಮನವರಿಕೆ ಮಾಡಿಕೊಟ್ಟಿದ್ದರು. ಹೋಗುವ ದಿನ ಬಸ್‌ಸ್ಟ್ಯಾಂಡಿನಲ್ಲಿ ಅವಳು ನನ್ನನ್ನು ಕೇಳಿದ್ದು ಇಷ್ಟೇ: 'ನಾನು ಜೋಗುಳನೂ ಹಾಡ್ಬಾರ್ದಾ?'

ಎರಡು ಭಾಷೆ ಕೇಳುತ್ತ ಬೆಳೆದರೆ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎಂಬುದಕ್ಕೆ ಆಧಾರವಿಲ್ಲ. ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳು ಒಂದು ಭಾಷೆಯ ಮಕ್ಕಳಿಗೂ ಎರಡು ಭಾಷೆಯ ಮಕ್ಕಳಿಗೂ ಅಂಥ ವ್ಯತ್ಯಾಸವನ್ನು ಕಂಡಿಲ್ಲ. ಆದರೂ ಈ ಸಲಹೆ ಸಾಯುತ್ತಿಲ್ಲ. ಬೆಂಗಳೂರು, ಮೈಸೂರಿನ ಎಷ್ಟೋ ತಾಯಂದಿರು ನನಗೆ ಇದೇ ಕಥೆ ಹೇಳಿದ್ದಾರೆ. ಸಮುದಾಯದೊಳಗೆ ಬಾಳಲು ಸಿದ್ಧಮಾಡುತ್ತೇವೆ ಎನ್ನುವವರು ಮೊದಲು ಮಾಡುವ ಕೆಲಸ ಸಮುದಾಯದ ಭಾಷೆಯನ್ನು ಮಗುವಿನಿಂದ ಕಿತ್ತುಕೊಳ್ಳುವುದು. ಆಮೇಲೆ ಅಂಗಡಿಯವರು 'ಏನ್ ಬೇಕು ಮರಿ?' ಎಂದಾಗ ಹುಡುಗ ಶಾಂಪೂ ಸರದ ಕಡೆ ನೋಡಿದರೆ ಹಾಳೆಯಲ್ಲಿ ಮೈನಸ್ ಹಾಕುವುದು. ಆ ಮೈನಸ್ ಯಾರದ್ದು?

ಆಟಿಸಂಗೆ ಕನ್ನಡದಲ್ಲಿ 'ಸ್ವಲೀನತೆ' ಎಂಬ ಪದ ಮಾಡಿದ್ದಾರೆ. 1911ರಲ್ಲಿ ಸ್ವಿಸ್ ವೈದ್ಯ ಬ್ಲಾಯ್ಲರ್ 'ತಾನು' ಎಂಬ ಅರ್ಥದ ಗ್ರೀಕ್ ಪದದಿಂದ ಕಟ್ಟಿದ್ದರ ಅನುವಾದ. ಒಳ್ಳೆಯ ಪದವೇ. ಆದರೂ ಲಿಂಗದಲ್ಲಿ ಲೀನವಾದವರಿಗೆ ಗದ್ದುಗೆ ಕಟ್ಟಿ ಪೂಜಿಸುವ ನಾಡಿನಲ್ಲಿ ತನ್ನಲ್ಲಿ ಲೀನವಾದ ಮಗುವಿಗೆ ಮೂವತ್ತು ಗಂಟೆ ಥೆರಪಿ ಎಂದು ನೆನೆದಾಗಲೆಲ್ಲ ನಗು ಬರುತ್ತದೆ.

ವೈದ್ಯಲೋಕದಲ್ಲಿ ಆಟಿಸಂನ 'ಮೊದಲ ಪ್ರಕರಣ' ಎಂದು ದಾಖಲಾದ ಹುಡುಗನ ಕಥೆಯನ್ನು ನಮ್ಮ ಸೆಂಟರುಗಳು ಪೋಷಕರಿಗೆ ಹೇಳಬೇಕು. ಹೇಳುವುದಿಲ್ಲ. ಅಮೆರಿಕದ ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ಡೊನಾಲ್ಡ್ ಟ್ರಿಪ್ಲೆಟ್. 1943ರಲ್ಲಿ ಲಿಯೊ ಕ್ಯಾನರ್ ಬರೆದ ಹನ್ನೊಂದು ಮಕ್ಕಳ ಪ್ರಬಂಧದಲ್ಲಿ ಮೊದಲು ಬರುವ 'ಡೊನಾಲ್ಡ್ ಟಿ' ಇವನೇ. ಎಣಿಸುವುದು, ತಿರುಗಿಸುವುದು, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದು ಅವನ ರೂಢಿ. ಚಿಕ್ಕವನಿದ್ದಾಗ ಅವನನ್ನು ಒಂದು ಸಂಸ್ಥೆಯಲ್ಲಿ ಬಿಟ್ಟಿದ್ದರು, ಆಮೇಲೆ ತಂದೆತಾಯಿ ವಾಪಸು ಕರೆತಂದರು. ಸುಮಾರು ಒಂಬತ್ತನೆಯ ವಯಸ್ಸಿಗೆ ಊರ ಹತ್ತಿರದ ಹೊಲಮನೆಯಲ್ಲಿ ರೈತ ದಂಪತಿಯ ಬಳಿ ಇರಲು ಹೋದ.

ಆ ದಂಪತಿ ಏನು ಮಾಡಿದರು ಎಂಬುದನ್ನು ಕ್ಯಾನರ್ ಮುಂದೆ ಬೆರಗಿನಿಂದ ಬರೆದಿದ್ದಾನೆ. ಹುಡುಗನಿಗೆ ಅಳೆಯುವ ಗೀಳು. ಸರಿ, ಬಾವಿ ತೋಡಲು ಹಚ್ಚಿ ಆಳ ಎಷ್ಟಾಯಿತು ಎಂದು ಹೇಳು ಎಂದರು. ಸತ್ತ ಹಕ್ಕಿ, ಹುಳುಗಳನ್ನು ತಂದು ಗುಡ್ಡೆ ಹಾಕುತ್ತಿದ್ದ. ಅವಕ್ಕೊಂದು ಸ್ಮಶಾನ ಮಾಡಿಕೋ ಎಂದು ಜಾಗ ಕೊಟ್ಟರು. ಜೋಳದ ಸಾಲುಗಳನ್ನು ಎಣಿಸಿದ್ದನ್ನೇ ಎಣಿಸುತ್ತಿದ್ದ. ಹಾಗಾದರೆ ಉಳುತ್ತಾ ಎಣಿಸು ಎಂದು ಕುದುರೆ ನೇಗಿಲು ಕೈಗಿತ್ತರು. ಕ್ಯಾನರ್ ನೋಡಲು ಹೋದಾಗ ಹುಡುಗ ಚೆನ್ನಾಗಿಯೇ ಉಳುತ್ತಿದ್ದ. ಹಳ್ಳಿಯ ಶಾಲೆ ಅವನ ವಿಚಿತ್ರಗಳನ್ನು ಒಪ್ಪಿಕೊಂಡು ಕಲಿಸಿತ್ತು. ಇದೂ ವರ್ತನೆಯ ಜೊತೆಗಿನ ಕೆಲಸವೇ, ಇದೂ ದಿನನಿತ್ಯದ ಬದುಕಿನ ನಡುವೆಯೇ. ಆದರೆ ಇಲ್ಲಿ ಎಣಿಸಬೇಡ ಎಂದು ಯಾರೂ ಹೇಳಲಿಲ್ಲ. ಎಣಿಕೆಗೆ ಒಂದು ಹೊಲ ಸಿಕ್ಕಿತು, ಅಷ್ಟೇ.

ಡೊನಾಲ್ಡ್ ಮುಂದೆ ಕಾಲೇಜು ಮುಗಿಸಿದ, ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದ, ಕಾರು ಓಡಿಸಿದ, ಗಾಲ್ಫ್ ಆಡಿದ, ಒಬ್ಬನೇ ದೇಶಗಳನ್ನು ಸುತ್ತಿದ. ಕೊನೆಯವರೆಗೂ 'ಉಳಿದವರಂತೆ' ಆಗಲಿಲ್ಲ. ಇಳಿವಯಸ್ಸಿನಲ್ಲಿ ಅವನನ್ನು ಹುಡುಕಿಕೊಂಡು ಹೋದ ಪತ್ರಕರ್ತರಿಗೆ, ನಮ್ಮ ಡಾನ್‌ಗೆ ನೋವಾದರೆ ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ ಎಂದು ಊರಿನವರೇ ಎಚ್ಚರಿಕೆ ಕೊಟ್ಟಿದ್ದರಂತೆ. 2023ರಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡ.

ಈ ಕಥೆಗೆ ಮರುಳಾಗುವ ಮುನ್ನ ಒಂದು ಮಾತು. ಆ ಬ್ಯಾಂಕು ಡೊನಾಲ್ಡನ ತಾಯಿಯ ಮನೆಯವರದ್ದು. ತಂದೆ ವಕೀಲ. ವರ್ಣಭೇದ ಕಾನೂನೇ ಆಗಿದ್ದ ಕಾಲದ ಮಿಸಿಸಿಪಿಯಲ್ಲಿ ಅವನು ಬಿಳಿಯ, ಸಿರಿವಂತ. ಅದೇ ಊರಿನ ಕಪ್ಪು ಕುಟುಂಬದಲ್ಲಿ ಅಂಥ ಮಗು ಹುಟ್ಟಿದ್ದರೆ ಕ್ಯಾನರ್ ಬಳಿ ಹೋಗುತ್ತಿತ್ತೇ, ಅದಕ್ಕೆ ಹೊಲ ಸಿಗುತ್ತಿತ್ತೇ? 'ನಮ್ಮ ಹಳ್ಳಿಗಳಲ್ಲಿ ಇಂಥವರನ್ನು ಎಲ್ಲರೂ ನೋಡಿಕೊಳ್ಳುತ್ತಿದ್ದರು' ಎನ್ನುವ ನಮ್ಮ ಹಿರಿಯರಿಗೂ ಇದೇ ಪ್ರಶ್ನೆ. ಯಾವ ಜಾತಿಯವರ ಮಗುವನ್ನು? ಗೌಡರ ಮನೆಯ ಮಗು 'ಮುಗ್ಧ'ನಾಗಿ, ಕೇರಿಯ ಮಗು 'ಹುಚ್ಚ'ನಾಗಿ ಬೆಳೆದ ಉದಾಹರಣೆಗಳು ನಿಮ್ಮ ಊರಿನಲ್ಲೂ ಇರುತ್ತವೆ. ಊರು ತಾನಾಗಿ ಒಳ್ಳೆಯದಲ್ಲ. ಆದ್ದರಿಂದಲೇ ಊರಿಗೆ ಕಲಿಸಬೇಕು ಎನ್ನುತ್ತಿದ್ದೇನೆ.

ಇಷ್ಟು ಹೇಳುವಾಗಲೇ ಅಕ್ಕನ ದನಿ ಕಿವಿಯಲ್ಲಿ ಕೇಳುತ್ತದೆ. ಈ ಲೇಖನದ ಮೊದಲ ಕರಡು ಓದಿ ಅವಳು ಜಗಳ ಆಡಿದಳು. 'ನಿನಗೇನು, ವಾರಕ್ಕೊಮ್ಮೆ ಬರ್ತೀಯ. ಅವನು ರಸ್ತೆಗೆ ಓಡಿದಾಗ ಹಿಡಿಯೋಳು ನಾನು. ಗೋಡೆಗೆ ತಲೆ ಚಚ್ಚಿಕೊಂಡಾಗ ಕೈ ಅಡ್ಡ ಇಡೋಳು ನಾನು. ಊರು ಬದಲಾಗೋ ತನಕ ನಾನು ಕಾಯ್ಲಾ?' ಇದಕ್ಕೆ ನನ್ನ ಬಳಿ ಜಾಣ ಉತ್ತರವಿಲ್ಲ, ಇರಲೂಬಾರದು. 'ನಿಲ್ಲು' ಎಂದರೆ ರಸ್ತೆ ಅಂಚಿನಲ್ಲಿ ನಿಲ್ಲುವುದನ್ನು ಅವನಿಗೆ ಕಲಿಸಿದ್ದು ಅದೇ ಥೆರಪಿ. ಹೊಟ್ಟೆ ನೋಯುತ್ತಿದೆ ಎಂದು ಚಿತ್ರ ಮುಟ್ಟಿ ತೋರಿಸಲು ಕಲಿಸಿದ್ದೂ ಅದೇ. ಆ ದಿನ ನಾನೂ ಅತ್ತಿದ್ದೆ. ಮಗುವಿನ ಕೈಗೆ ಹೊಸ ಸಾಮರ್ಥ್ಯ ಕೊಡುವ ಪಾಠದ ಬಗ್ಗೆ ನನಗೆ ತಕರಾರಿಲ್ಲ. ಮಗುವಿನ ಕೈಯಿಂದ ಕಿವಿ ಮುಚ್ಚುವ ಸಾಮರ್ಥ್ಯವನ್ನೇ ಕಿತ್ತುಕೊಳ್ಳುವ ಪಾಠದ ಬಗ್ಗೆ ಇದೆ. ಎರಡೂ ಒಂದೇ ಹಾಳೆಯಲ್ಲಿ, ಒಂದೇ ಬಗೆಯ ಚೌಕದಲ್ಲಿ ಕೂತಿವೆ. ತಂದೆತಾಯಿಗೆ ಅವನ್ನು ಬೇರ್ಪಡಿಸಿ ನೋಡಲು ಪುರುಸೊತ್ತೂ ಇಲ್ಲ, ಧೈರ್ಯವೂ ಇಲ್ಲ. ಸೆಂಟರಿನ ಗೋಡೆಯ ಮೇಲೆ 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂದು ಚೌಕಟ್ಟು ಹಾಕಿ ತೂಗುಬಿಟ್ಟಿದ್ದಾರೆ. ಆರು ವರ್ಷ ದಾಟಿದರೆ ಎಲ್ಲ ಮುಗಿಯಿತು ಎಂದು ಹೆದರಿದ ತಾಯಿ ಯಾವ ಗುರಿಗೆ ಬೇಡ ಎಂದಾಳು?

ಊರು ಬದಲಾಗುವುದಿಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಬೇಕೆಂದಾಗ ನಮ್ಮ ಊರು ಒಂದೇ ದಿನದಲ್ಲಿ ಬದಲಾಗುತ್ತದೆ. ಕಾರ್ತಿಕ ಮಾಸ ಬಂತೆಂದರೆ ನೋಡಿ. ನಿನ್ನೆಯವರೆಗೆ 'ಲೋ ಮಂಜ' ಆಗಿದ್ದ ಗ್ಯಾರೇಜಿನ ಹುಡುಗ ಅಯ್ಯಪ್ಪನ ಮಾಲೆ ಹಾಕಿದ ಬೆಳಿಗ್ಗೆಯಿಂದ 'ಸ್ವಾಮಿ'. ಅವನ ಬಟ್ಟೆ ಬೇರೆ, ಊಟ ಬೇರೆ, ಚಪ್ಪಲಿ ಇಲ್ಲ, ನೆಲದ ಮೇಲೆ ಮಲಗುತ್ತಾನೆ. ಕಂಡಕ್ಟರ್ 'ಮುಂದೆ ಬನ್ನಿ ಸ್ವಾಮಿ' ಎನ್ನುತ್ತಾನೆ. ಆಫೀಸಿನಲ್ಲಿ ಗಡ್ಡ ಬಿಡಲು, ಬರಿಗಾಲಲ್ಲಿ ಓಡಾಡಲು ಯಾರೂ ಆಕ್ಷೇಪಿಸುವುದಿಲ್ಲ. ಯಾವ ತರಬೇತಿಯೂ ಇಲ್ಲದೆ, ಒಂದು ಕಪ್ಪು ಬಟ್ಟೆಯ ಗುರುತು ಕಂಡ ಮಾತ್ರಕ್ಕೆ ಇಡೀ ಬೀದಿ ಒಬ್ಬನ ವಿಶೇಷ ನಿಯಮಗಳನ್ನು ನೆನಪಿಟ್ಟುಕೊಂಡು ಪಾಲಿಸುತ್ತದೆ. ಮಡಿಯಲ್ಲಿರುವ ಅಜ್ಜಿಯನ್ನು ಮುಟ್ಟಬಾರದು ಎಂಬುದು ಆ ಮನೆಯ ಎರಡು ವರ್ಷದ ಮಗುವಿಗೂ ತಿಳಿಯುತ್ತದೆ. ಅದೇ ಮನೆಯಲ್ಲಿ ಮುಟ್ಟಿದರೆ ಮೈ ಉರಿಯುವ ಮಗುವನ್ನು ಬಂದವರೆಲ್ಲ ಕೆನ್ನೆ ಹಿಂಡುತ್ತಾರೆ. ಮಡಿಯ ಬೆನ್ನಿಗೆ ಜಾತಿಯ ಅಧಿಕಾರವಿದೆ, ಮಗುವಿನ ಬೆನ್ನಿಗೆ ಏನೂ ಇಲ್ಲ. ಅಂದರೆ ನಮಗೆ ಬಾರದಿರುವುದು ಹೊಂದಾಣಿಕೆಯಲ್ಲ. ಯಾರಿಗಾಗಿ ಹೊಂದಿಕೊಳ್ಳಬೇಕು ಎಂಬ ಪಟ್ಟಿಯಲ್ಲಿ ಈ ಮಕ್ಕಳ ಹೆಸರಿಲ್ಲ.

2012ರಲ್ಲಿ ಡೇಮಿಯನ್ ಮಿಲ್ಟನ್ ಎಂಬ ಬ್ರಿಟಿಷ್ ಚಿಂತಕ, ಸ್ವತಃ ಆಟಿಸಂ ಇರುವವರು, ಒಂದು ಸರಳ ಮಾತು ಹೇಳಿದರು. ಆಟಿಸಂ ಇರುವವರಿಗೆ ಬೇರೆಯವರ ಮನಸ್ಸು ಅರ್ಥವಾಗದು ಎನ್ನುತ್ತೀರಲ್ಲ, ನಿಮಗೆ ಅವರ ಮನಸ್ಸು ಅರ್ಥವಾಗಿದೆಯೇ? ಅಡ್ಡಿ ಎರಡೂ ಕಡೆ ಇದೆ. ನಮ್ಮ ದೇಶದ ಕಾನೂನೂ ಇದನ್ನೇ ಹೇಳುತ್ತದೆ, ಓದುವವರಿದ್ದರೆ. ಆಟಿಸಂ ಅನ್ನು ತನ್ನ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿಕೊಂಡ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ವ್ಯಕ್ತಿಯ ಭಾಗವಹಿಸುವಿಕೆ ಕುಂಠಿತವಾಗುವುದು ಅವರ ದೇಹ ಮನಸ್ಸಿನ ಕೊರತೆ ಹೊರಗಿನ 'ತಡೆ'ಗಳಿಗೆ ಎದುರಾದಾಗ. ಜನರ ಮನೋಭಾವವನ್ನೂ ಕಾಯ್ದೆ ಆ ತಡೆಗಳಲ್ಲಿ ಎಣಿಸುತ್ತದೆ. ಅಂದರೆ 'ಪಾಪ' ಎಂದ ಆ ಹೆಂಗಸು ಕಾನೂನಿನ ಕಣ್ಣಲ್ಲಿ ಒಂದು ಮೆಟ್ಟಿಲು. ಮೆಟ್ಟಿಲಿಗೆ ರ‍್ಯಾಂಪ್ ಕಟ್ಟಬೇಕೇ ಹೊರತು ಗಾಲಿಕುರ್ಚಿಗೆ ಹತ್ತುವುದನ್ನು ಕಲಿಸಿ ಪ್ಲಸ್ ಹಾಕುವುದಲ್ಲ.

ದೊಡ್ಡವರನ್ನು ತರಬೇತಿಗೆ ಕೂರಿಸುವುದು ಆಗದ ಕೆಲಸವೂ ಅಲ್ಲ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಮನೆಗಳಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2016ರಲ್ಲಿ 'ಲ್ಯಾನ್ಸೆಟ್ ಸೈಕಿಯಾಟ್ರಿ'ಯಲ್ಲಿ ಬಂತು. ತಜ್ಞರಲ್ಲದ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಮನೆಗೆ ಹೋಗಿ ತಾಯಿ ಮಗು ಆಡುವುದನ್ನು ವಿಡಿಯೋ ಮಾಡುತ್ತಿದ್ದರು. ಆಮೇಲೆ ತಾಯಿಯ ಜೊತೆ ಕೂತು ಅದನ್ನು ನೋಡುತ್ತಿದ್ದರು. ಇಲ್ಲಿ ಮಗು ನಿಮಗೇನೋ ತೋರಿಸಿತು, ನೀವು ಗಮನಿಸಲಿಲ್ಲ. ಇಲ್ಲಿ ನೀವು ಕಾದಿರಿ, ನೋಡಿ ಅದು ತಿರುಗಿತು. ಅಭ್ಯಾಸ ಮಾಡಬೇಕಾದವರು ಇಲ್ಲಿ ದೊಡ್ಡವರು. ಕೊನೆಗೆ ಮಗುವಿನ ಲಯಕ್ಕೆ ತಂದೆತಾಯಿ ಸ್ಪಂದಿಸುವುದು ಹೆಚ್ಚಿತ್ತು, ಮಗು ತಾನಾಗಿ ಮಾತಿಗೆ ಬರುವುದೂ ಹೆಚ್ಚಿತ್ತು. ಅಳೆದದ್ದೆಲ್ಲ ಏರಿತು ಎಂದಲ್ಲ, ಪವಾಡವೂ ಅಲ್ಲ. ಆದರೆ ಒಬ್ಬ ತಾಯಿ ಕಾಯುವುದನ್ನು ಕಲಿಯಬಹುದಾದರೆ ಅಂಗಡಿಯವರು, ಕಂಡಕ್ಟರ್, ಛತ್ರದ ಮೈಕ್ ಸೆಟ್ಟಿನವನು ಯಾಕೆ ಕಲಿಯಲಾರರು?

ಅಕ್ಕ ನನ್ನ ಮಾತನ್ನು ಪೂರ್ತಿ ಒಪ್ಪಿಲ್ಲ. ಥೆರಪಿ ಬಿಡಿಸಿಲ್ಲ, ಬಿಡಿಸು ಎಂದು ನಾನೂ ಹೇಳಿಲ್ಲ. 'ಹ್ಯಾಂಡ್ಸ್ ಡೌನ್' ಅನ್ನು ಗುರಿಗಳಿಂದ ತೆಗೆಸಿದಳು. ಅದಕ್ಕೆ ಎರಡು ಮೀಟಿಂಗ್ ಬೇಕಾಯಿತು. ಕನ್ನಡ ಮನೆಗೆ ವಾಪಸು ಬಂದಿದೆ, ಅಮ್ಮನೂ ಬಂದಿದ್ದಾಳೆ. ಅಂಗಡಿಯವರು ಎಷ್ಟು ಹೊತ್ತು ಕಾದರು ಎಂದು ಬರೆದುಕೊಳ್ಳಲು ಹಾಳೆಯಲ್ಲಿ ಒಂದು ಸಾಲು ಸೇರಿಸಿ ಎಂದು ಅಕ್ಕ ಕೇಳಿದಾಗ ಮಾತ್ರ ಸೆಂಟರಿನವರು ನಕ್ಕರಂತೆ. ಫಾರ್ಮ್ಯಾಟಿನಲ್ಲಿ ಅದಕ್ಕೆ ಜಾಗವಿಲ್ಲ, ಮೇಡಂ.

ಹಾಗಾಗಿ ನಾವೇ ಒಂದು ನೂರು ಪುಟದ ನೋಟ್‌ಬುಕ್ ತಂದೆವು. ಅದರಲ್ಲಿ ಪುಟ್ಟುವಿನ ಹೆಸರಿಲ್ಲ, ಬೀದಿಯವರ ಹೆಸರುಗಳಿವೆ. ಮೆಡಿಕಲ್ ಶಾಪ್: ಕೇಳಿದ ಮೇಲೆ ಟಿವಿ ಸದ್ದು ಇಳಿಸಿದರು, ಪ್ಲಸ್. ಪಾರ್ಕಿನ ವಾಕಿಂಗ್ ಗುಂಪು: 'ಡಾಕ್ಟರಿಗೆ ತೋರಿಸಿದ್ರಾ' ಎಂದು ಮೂರನೇ ಸಲ ಕೇಳಿದರು, ಮೈನಸ್. ದೇವಸ್ಥಾನದ ಅರ್ಚಕರು: ಗಂಟೆ ಬಾರಿಸುವ ಮೊದಲು ತಿರುಗಿ ನೋಡಿ ಕಣ್ಸನ್ನೆ ಮಾಡಿದರು, ದೊಡ್ಡ ಪ್ಲಸ್. ಕಿರಾಣಿ ಅಂಗಡಿ: ಕಳೆದ ವಾರ ಪುಟ್ಟು ಕಿವಿ ಮುಚ್ಚಿಕೊಂಡೇ ನಿಂತಿದ್ದ. ಅಂಗಡಿಯವರು ಏನೂ ಕೇಳದೆ ಎರಡು ಬಗೆಯ ಬಿಸ್ಕೆಟ್ ಎತ್ತಿ ಹಿಡಿದು ಕಾದರು. ಅವನು ಮೊಣಕೈಯಿಂದ ಒಂದನ್ನು ತೋರಿಸಿ 'ಅದು' ಎಂದ.

ಗಿರಣಿಯವರ ಹತ್ತಿರ ಇನ್ನೂ ಮಾತಾಡಬೇಕು.